ಗಂಟಲಲ್ಲಿದ್ದದ್ದು ಮುಳ್ಳಲ್ಲ

ಹಾಸ್ಟೆಲ್, ದುಬೈ

ಪ್ರೀತಿಯ ಉಮ್ಮ,

ಮಾತಾಡಿದರೆ ಕೆಮ್ಮು ಬರುತ್ತದೆ, ಅದಕ್ಕೇ ಫೋನ್ ಮಾಡದೆ ಬರೆಯುತ್ತಿದ್ದೇನೆ. ಗಂಟಲಲ್ಲಿರುವುದು ಬಂಗುಡೆ ಮೀನಿನ ಮುಳ್ಳಲ್ಲ, ಅನ್ನನಾಳದೊಳಗೆ ಬಾಲದ ಹಾಗೆ ಜೋತಾಡುವ ಮಾಂಸದ ಗಡ್ಡೆ. ರೇರ್, ಆದರೆ ಕ್ಯಾನ್ಸರ್ ಅಲ್ಲ ಎಂದರು ಡಾಕ್ಟರ್. “ಅನ್ನದ ಉಂಡೆ ಅಗಿಯದೆ ನುಂಗು ಶಾಹಿ, ಮುಳ್ಳು ಇಳೀತದೆ” ಅಂದಿದ್ದಿರಲ್ಲ, ಒಂದೊಂದು ಉಂಡೆಯೂ ಅದನ್ನು ಎಳೆದು ಉದ್ದ ಮಾಡಿದೆಯಂತೆ. ನಮಗೇನು ಗೊತ್ತಿತ್ತು.

ನಿನ್ನೆ ಕೆಮ್ಮಿದಾಗ ಅದು ನಾಲಿಗೆಯ ಮೇಲೆ ಬಂತು, ಬೆಚ್ಚಗಿತ್ತು. ರೂಮ್‌ಮೇಟ್ ನುಸ್ರತ್ “ಖಲಾಸ್, ನಾನಿನ್ನು ಇಲ್ಲಿ ಮಲಗುದಿಲ್ಲ” ಎಂದು ಅಕ್ಕನ ಮನೆಗೆ ಹೋದಳು.

ಸೋಮವಾರ ಕುತ್ತಿಗೆಯಲ್ಲಿ ಕೊಯ್ದು ತೆಗೆಯುತ್ತಾರೆ. ಅಷ್ಟರೊಳಗೆ ಅದು ಉಸಿರಿಗೆ ಅಡ್ಡ ಬಿದ್ದರೆ ಪ್ರಾಣಕ್ಕೇ ಅಪಾಯವಂತೆ. ಪ್ಲೀಸ್, ಪತ್ರ ತಂದ ರಾಝಿಕಾಕನ ಕಾರಿನಲ್ಲೇ ಅಬುಧಾಬಿಯಿಂದ ಬಂದುಬಿಡಿ. ನಿದ್ದೆಯಲ್ಲಿ ಅದು ನನ್ನ ತುಟಿಯಾಚೆ ಬಂದಿದ್ದರೆ ಹೆದರಬೇಡಿ, ಎಳೆಯಬೇಡಿ. ಮೆಲ್ಲಗೆ ಎಬ್ಬಿಸಿ, ನಾನೇ ನುಂಗಿಕೊಳ್ಳುತ್ತೇನೆ.

ನಿಮ್ಮ
ಶಾಹಿನ