ಪಾರಿವಾಳ ಹಾರದಂತೆ ಜಿಗಿಯುವುದು

ಕಂಪ್ಲಿ, ಭಾನುವಾರ ಬೆಳಿಗ್ಗೆ

ನೆಗೆತ ವಿದ್ಯೆಯ ಪರಮಾಚಾರ್ಯನೂ ಮುನಿಸಿನಲ್ಲಿ ಅಷ್ಟೇ ಎತ್ತರದವನೂ ಆದ ಗೆಳೆಯ ಮಾರೆಪ್ಪನಿಗೆ,

ಇತ್ತ ನಾನೂ ನನ್ನ ಎರಡು ಮೊಣಕಾಲುಗಳೂ ಕ್ಷೇಮ. ನೀನು ಇಲ್ಲಿನ ಮಿಲ್ಲಿನ ಕೆಲಸ ಬಿಟ್ಟು ಕುರೆಕುಪ್ಪದ ಕಡೆ ಕಾರ್ಖಾನೆ ಸೇರಿ ಏಳು ತಿಂಗಳಾಯಿತು. ನಿನ್ನ ಹತ್ತು ಕಿಲೋ ಭತ್ತದ ಮೂಟೆ ಇನ್ನೂ ರೈಸ್ ಮಿಲ್ಲಿನ ಮೂಲೆಯಲ್ಲೇ ಇದೆ.

ನೆನಪಿದೆಯೇ? ವಾಲಿಬಾಲ್ ಆಡುವಾಗ ನನ್ನ ಕೈ ನೆಟ್ಟಿನ ಮೇಲೇರಲಿ ಎಂದು, ನಲವತ್ತೆರಡರ ಈ ದೇಹಕ್ಕೆ ಮೂಟೆ ಹೊತ್ತು ಜಿಗಿಯುವುದನ್ನು ಕಲಿಸಲು ಹೊರಟವನು ನೀನು. ಭತ್ತ ಒಣಗಿಸುವ ಕಣವೇ ನಮ್ಮ ಗರಡಿ, ಕಾಳು ಹೆಕ್ಕುವ ಪಾರಿವಾಳಗಳೇ ಪರೀಕ್ಷಕರು. ಇಳಿದಾಗ ಅವು ಹಾರಿದರೆ ನಾನು ಫೇಲು. "ಮೂಟಿ ಎದಿಗೆ ಅವುಚ್ಕೋ. ಕುಂಡಿ ಹಿಂದಕ್ಕ, ಎದಿ ಮ್ಯಾಲಕ್ಕ. ಮೊಣಕಾಲು ಗುಸುಗುಸು ಮಾತಾಡಾಕತ್ಯಾವ ನೋಡಲೇ, ದೂರ ಇಡು!" ಎನ್ನುತ್ತಿದ್ದೆ. ನಾನು ಧಡ್ ಎಂದು ಇಳಿಯುತ್ತಿದ್ದೆ. ಪರೀಕ್ಷಕರು ಸೇತುವೆ ದಾಟಿ ಗಂಗಾವತಿ ಕಡೆಗೆ. "ಏನಲೇ, ಗೋಡೌನ್ ಬಿತ್ತೇನು? ಮುಂಗಾಲು ಮೊದ್ಲು, ಹಿಮ್ಮಡಿ ಆಮ್ಯಾಲ. ಮಂಡಿ ಬಗ್ಗಿಸಿ ಭಾರ ನುಂಗು. ಒಂದು ಉಸ್ರು ನಿಂತು ಮತ್ತ ಜಿಗಿ."

ನೀನು ಮಾತ್ರ ಮೂಟೆ ಎತ್ತುವ ಮುನ್ನ ಚಪ್ಪಲಿ ಬಿಟ್ಟು, ಮೂಟೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಅನ್ನದ ಕಾಳನ್ನು ಆಟಕ್ಕೆ ಎತ್ತುವ ಮುಂಚೆ ಕೇಳುವ ಕ್ಷಮೆ ಅದು. ವಾರಕ್ಕೊಮ್ಮೆ ಊರನ್ನು ನಗಿಸುವ ಗುತ್ತಿಗೆ ಹಿಡಿದ ನನಗೆ ಅದು ಪುಕ್ಕಟೆ ಸಿಕ್ಕ ಸರಕು. 'ಮೂಟೆಸ್ವಾಮಿಯ ಮಹಿಮೆ' ಎಂದು ಪತ್ರಿಕೆಯ ನನ್ನ ನಗೆ ಅಂಕಣದಲ್ಲಿ ಬರೆದುಬಿಟ್ಟೆ. ಮಿಲ್ಲಿನಲ್ಲಿ ಅದನ್ನು ಜೋರಾಗಿ ಓದಿದರು. ಮರುದಿನದಿಂದ ನೀನು ಮೂಟೆ ಹೊತ್ತಾಗಲೆಲ್ಲ ಹಮಾಲರು ಕೈ ಮುಗಿದು "ಸ್ವಾಮೇರು ಬಂದ್ರಪೋ, ದಾರಿ ಬಿಡ್ರಿ!" ಎನ್ನತೊಡಗಿದರು.

ಹೋಗುವ ದಿನ ನೀನು ಬೈಯಲಿಲ್ಲ. "ಅವ್ರು ನಕ್ಕಿದ್ದಕ್ಕ ಬ್ಯಾಸರಿಲ್ಲಲೇ. ನೀ ಕಲಿಯಾಕ ನೋಡ್ತಿದ್ದಿ ಅಂದ್ಕೊಂಡಿದ್ದೆ, ಬರಿಯಾಕ ನೋಡ್ತಿದ್ದಿ" ಎಂದೆ.

ಆಮೇಲೆ ಪ್ರತಿ ಭಾನುವಾರ ಒಬ್ಬನೇ ಜಿಗಿದೆ. ತಪ್ಪಿದರೆ ಬೈಯುವವರಿಲ್ಲ. ಬೈಗುಳವಿಲ್ಲದ ಕಣ ಇಷ್ಟು ಅಗಲವೆಂದು ನನಗೆ ಗೊತ್ತಿರಲಿಲ್ಲ.

ಇವತ್ತು ಚಪ್ಪಲಿ ಬಿಟ್ಟು ಮೂಟೆ ಮುಟ್ಟಿದೆ. ಕೈ ತಾನಾಗಿ ಕಣ್ಣಿಗೆ ಹೋಯಿತು. ಜಿಗಿದು ಇಳಿದೆ. ಸದ್ದಾಗಲಿಲ್ಲ. ಒಂದೇ ಒಂದು ಪಾರಿವಾಳವೂ ಹಾರಲಿಲ್ಲ, ಮಾರೆಪ್ಪ! ನಿನ್ನ "ಹ್ಞಾಂ, ಮಸ್ತ್!" ಕೇಳಲು ಹಿಂದಿರುಗಿ ನೋಡಿದೆ. ಅಲ್ಲಿ ಬರೀ ಗೋಡೆ. ಪಾಸು ಮಾಡಿದ ಪರೀಕ್ಷಕರು ತಲೆಯೆತ್ತದೆ ಕಾಳು ತಿನ್ನುತ್ತಿದ್ದರು.

ತಪ್ಪಾಯಿತು ಕಣಯ್ಯ. ಈ ಮಾತನ್ನು ನಗಿಸಲೆಂದು ಬರೆದಿಲ್ಲ.

ಬರುವ ಭಾನುವಾರ ಬಾ. ನೀನು ಮೂಟೆ ಮುಟ್ಟುವಾಗ ನಾನು ಗೋಡೆಗೆ ಮುಖ ಮಾಡಿ ನಿಲ್ಲುತ್ತೇನೆ. ನೀನು ಇಳಿದದ್ದೂ ನನಗೆ ಕೇಳಿಸದಿರಲಿ.

ನಿನ್ನ ಮಂಡಿಗಳು ನೂರು ವರ್ಷ ನೋಯದಿರಲಿ ಎಂದು ಹರಸುತ್ತ, ಕಣದಲ್ಲಿ ಕಾದಿರುವ,

ನಿನ್ನ ದಡ್ಡ ಶಿಷ್ಯ
ವಿದ್ಯಾಧೀಶ