ತಾವೇ ಸುತ್ತಿಕೊಂಡ ಪಟ್ಟಿ

ರಾಮ್‌ಡೀಹ್, ಬಿಹಾರ
ಮಾರ್ಚ್ 11, ಸೋಮವಾರ

ಪ್ರೀತಿಯ ಇಂದುಬಾಲಾ ದೀದಿ,

ನಮಸ್ಕಾರ. ಆರು ವರ್ಷದಿಂದ ಆರೋಗ್ಯ ಕೇಂದ್ರದ ಒಂದೇ ಕೋಣೆಯಲ್ಲಿ ನೀವು ನರ್ಸ್, ನಾನು ಮೇಲ್ವಿಚಾರಕಿ. ಎದುರುಬದುರು ಕೂರುವವರಿಗೆ ಪತ್ರವೇಕೆ ಎಂದು ನಗಬೇಡಿ. ಎದುರಿಗೆ ಕೇಳಿದರೆ ನೀವು ಚಹಾ ತರಿಸುತ್ತೀರಿ, ನಾನು ಮಾತು ಬದಲಿಸುತ್ತೇನೆ.

ಶುರುವಾದದ್ದು ಸಣ್ಣ ಕುತೂಹಲದಿಂದ. ಹೋದ ತಿಂಗಳು ನಿಮಗೆ ಜ್ವರ ಬಂದಾಗ ಗರ್ಭಿಣಿಯರ ಬಿ.ಪಿ. ನೋಡಲು ನಾನು ಹೋದೆನಲ್ಲ. ಊರೊಳಗಿನ ಹೆಂಗಸರು ತೋಳು ಚಾಚಿ ಸುಮ್ಮನೆ ಕೂತರು. ಊರ ದಕ್ಷಿಣಕ್ಕಿರುವ ದಲಿತ ಕೇರಿಯಲ್ಲಿ ಮಾತ್ರ, ತುಂಬು ಗರ್ಭಿಣಿ ಸೋನ್‌ಮತಿ ನನ್ನ ಕೈಯಿಂದ ಬಿ.ಪಿ. ಮಿಷನ್ನಿನ ಪಟ್ಟಿ ತೆಗೆದುಕೊಂಡು, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ತನ್ನ ತೋಳಿಗೆ ತಾನೇ ಸುತ್ತಿಕೊಂಡಳು. ಎರಡು ಬೆರಳಿನಷ್ಟು ಸಡಿಲ ಬಿಡುವುದನ್ನೂ ಮರೆಯಲಿಲ್ಲ. ಅಲ್ಲಿನ ಎಂಟೂ ಜನ ಹಾಗೆಯೇ ಮಾಡಿದರು. ನನಗೆ ಎಷ್ಟು ಖುಷಿಯಾಯಿತೆಂದರೆ, ಈ ಕೇರಿಯ ಮಹಿಳೆಯರು ಸ್ವಾವಲಂಬಿಗಳು, ನರ್ಸ್ ಚೆನ್ನಾಗಿ ಕಲಿಸಿದ್ದಾರೆ ಎಂದು ವರದಿ ಬರೆದೆ. ಮೇಲಿನವರು ಮೆಚ್ಚಿದರು. ನಾನು ಓದಿದ ಇಂಗ್ಲಿಷ್ ಶಾಲೆ ಯಾವುದಕ್ಕೂ ಒಂದು ಚಂದದ ಹೆಸರಿಡುವುದನ್ನು ಕಲಿಸಿದೆ.

ಆದರೆ ಅಲ್ಲಿ ಮಾತ್ರ ಯಾಕೆ? ಈ ಪ್ರಶ್ನೆ ಬಿಡಲಿಲ್ಲ. ಮತ್ತೆ ಹೋಗಿ ಕೇಳಿದಾಗ ಸೋನ್‌ಮತಿಯ ಅತ್ತೆ ಬುಧನಿ ಬಿದ್ದು ಬಿದ್ದು ನಕ್ಕಳು. "ನಿಮ್ಮ ದೀದಿ ಮಿಷನ್ ಮಂಚದ ಮೇಲಿಟ್ಟು ಬೇವಿನ ಮರದ ಹತ್ರ ನಿಂತ್ಕೋತಾರೆ ಮೇಡಂ. ಕಟ್ಟೋದೂ ನಾವೇ, ಬಿಚ್ಚೋದೂ ನಾವೇ. ನಂಬರ್ ಓದೋದನ್ನೂ ಕಲಿತ್ರೆ ಅವ್ರ ಸಂಬಳ ನಮಗೇ ಕೊಡ್ತೀರಾ?"

ಹಾಗಾದರೆ ಹೊಟ್ಟೆ ಹೇಗೆ ನೋಡುತ್ತಾರೆ ಎಂದೆ.

"ಕಣ್ಣಲ್ಲೇ! ಅಷ್ಟು ದೂರದಿಂದ ಒಳಗಿನ ಕೂಸು ಕಾಣತ್ತಂತೆ." ಆಮೇಲೆ ನಗು ನಿಲ್ಲಿಸಿ ಹೇಳಿದಳು: "ನಾನು ಮುಟ್ಟಿ ನೋಡಿದೀನಿ. ಮಗುವಿನ ತಲೆ ಮೇಲ್ಗಡೆ ಇದೆ."

ಸೋನ್‌ಮತಿಯ ತಪಾಸಣೆ ಕಾರ್ಡ್ ತೆಗೆದು ನೋಡಿದೆ. 'ತಲೆ ಕೆಳಗೆ' ಎಂದು ನಿಮ್ಮ ಅಕ್ಷರದಲ್ಲಿತ್ತು. ದಿನ ತುಂಬಿದ ಉಳಿದ ಇಬ್ಬರ ಕಾರ್ಡಿನಲ್ಲೂ ಅದೇ.

ಶನಿವಾರ ಸೋನ್‌ಮತಿಯನ್ನು ಪಟ್ಟಣದ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನವರೂ ಅವಳನ್ನು ಮುಟ್ಟಲಿಲ್ಲ, ಕಾರ್ಡನ್ನು ಮುಟ್ಟಿದರು. "ತಲೆ ಕೆಳಗಿದೆ ಅಂತ ಬರ್ದಿದೆಯಲ್ಲಮ್ಮಾ, ನೋವು ಬಂದ್ರೆ ನಿಮ್ಮೂರ ಕೇಂದ್ರಕ್ಕೇ ಹೋಗು" ಎಂದು ವಾಪಸ್ ಕಳಿಸಿದರು. ಸ್ಕ್ಯಾನಿಂಗಿಗೆ ಕೊಟ್ಟ ತಾರೀಖು ಇಪ್ಪತ್ತೈದು ದಿನ ಆಚೆ. ಅವಳಿಗೆ ಉಳಿದಿರುವುದು ಎರಡು ವಾರ. ಕಾಲು ಮುಂದಾಗಿ ಬರುವ ಚೊಚ್ಚಲ ಮಗುವನ್ನು ನಮ್ಮ ಕೇಂದ್ರದಲ್ಲಿ ಏನು ಮಾಡುತ್ತೇವೆ, ದೀದಿ? ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆ ಕೇರಿಗೆ ಬನ್ನಿ. ಸೋನ್‌ಮತಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಕಾರ್ಡ್ ತಿದ್ದಿ, ಸಹಿ ಹಾಕಿ. ಅಲ್ಲಿಂದಲೇ ಜೀಪಿನಲ್ಲಿ ಅವಳನ್ನು ಕರೆದೊಯ್ಯುತ್ತೇನೆ. ನೀವು ಬರದಿದ್ದರೂ ಕರೆದೊಯ್ಯುತ್ತೇನೆ, ದೊಡ್ಡ ಡಾಕ್ಟರ ಬಾಗಿಲಲ್ಲಿ ಕೂರುತ್ತೇನೆ; ಆದರೆ ಅವರು ನಂಬುವುದು ನಿಮ್ಮ ಸಹಿಯನ್ನು. ನನ್ನ ಹಳೆಯ ವರದಿ ತಪ್ಪು ಎಂದು ಇಂದೇ ಬರೆದು ಕಳಿಸಿದ್ದೇನೆ. ನಿಮ್ಮ ಹೆಸರು ಅದರಲ್ಲಿದೆ. ಕಂಡೂ ಕೇಳದ ನನ್ನ ಹೆಸರೂ ಇದೆ.

ಇಂತಿ ನಿಮ್ಮ,
ಮೃದುಲಾ

ಮರೆತ ಮಾತು: ನನ್ನ ಮಗಳು ಹುಟ್ಟುವಾಗ ಕಷ್ಟವಾಗಿ ನೀವು ಏಳು ಗಂಟೆ ನನ್ನ ಹೊಟ್ಟೆಯ ಮೇಲಿಂದ ಕೈ ತೆಗೆದಿರಲಿಲ್ಲ. ನನ್ನ ತವರು ಇನ್ನೊಂದು ಊರಿನ ಇಂಥದೇ ದಕ್ಷಿಣದ ಕೇರಿ. ಆ ದಿನ ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ಎಲ್ಲಿ ಕೈ ತೆಗೆದುಬಿಡುತ್ತೀರೋ ಎಂದು ಹೆದರಿದ್ದೆ.