ತಾವು ನನ್ನ ಪತಿಯಲ್ಲವೆಂದು ಘೋಷಿಸುವ ಕುರಿತು

ವಿದೇಶ ಕ್ಷೇತ್ರಕಾರ್ಯ ಸುರಕ್ಷತಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ನನ್ನ ಗಂಡನಲ್ಲ. ಇದು ನಮ್ಮ ತೈಚುಂಗ್ ನಗರದಲ್ಲಿ ಎಲ್ಲರಿಗೂ ಗೊತ್ತು. ಮಂಗೋಲಿಯದ ಒಂದು ಕಣಿವೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾರಣ ತಾವು, ಶಿಕ್ಷೆ ಮಾತ್ರ ನನಗೆ. ‘ವಿಶ್ವವಿದ್ಯಾಲಯದ ಘನತೆಗೆ ಕುಂದು’ ತಂದೆನೆಂದು ನನ್ನ ಕ್ಷೇತ್ರಕಾರ್ಯದ ಅನುಮತಿಯನ್ನೇ ರದ್ದು ಮಾಡಿದ್ದೀರಿ. ಅಲ್ಲಿನ ಕುರಿಗಾಹಿಗಳು ಇನ್ನು ಮೂರು ವಾರದಲ್ಲಿ ಚಳಿಗಾಲದ ಬೀಡಿಗೆ ಹೊರಡುತ್ತಾರೆ. ಅಷ್ಟರೊಳಗೆ ನಾನು ಅಲ್ಲಿಗೆ ಹೋಗಲೇಬೇಕು.

ತಮಗೆ ಮರೆವು ಜಾಸ್ತಿ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಕಳೆದ ವಸಂತದಲ್ಲಿ ಸಂಶೋಧನೆಗೆಂದು ವಿದೇಶಕ್ಕೆ ಹೊರಟ ಒಂಬತ್ತು ಹುಡುಗಿಯರನ್ನು ಕೂರಿಸಿಕೊಂಡು ತಾವು ‘ಅನಪೇಕ್ಷಿತ ಪ್ರಣಯ ನಿರ್ವಹಣೆ’ ಎಂಬ ತರಬೇತಿ ಕೊಟ್ಟಿರಿ. ಪ್ರಣಯಿಯ ಪಾತ್ರವನ್ನು ಖುದ್ದು ತಾವೇ ವಹಿಸಿ, “ತಾವು ಬಹಳ ಸುಂದರವಾಗಿದ್ದೀರಿ” ಎಂದು ಕಾಗದ ನೋಡಿ ಓದಿದಿರಿ. ಅಷ್ಟು ನೀರಸ ಪ್ರೇಮಿಯನ್ನು ನಿರಾಕರಿಸಲು ಯಾರಿಗೆ ತಾನೇ ತರಬೇತಿ ಬೇಕು? ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಹುಡುಗರಿಗೆ ಜೀಪಿನ ಚಕ್ರ ಬದಲಿಸುವುದನ್ನು ಕಲಿಸುತ್ತಿದ್ದರು. ಕಣಿವೆಯಲ್ಲಿ ನನಗೆ ನಾಲ್ಕು ಸಲ ಪಂಕ್ಚರ್ ಆಯಿತು, ಸ್ವಾಮೀ! ನಾಲ್ಕು ಸಲವೂ ನನ್ನ ಕೈಯಲ್ಲಿದ್ದದ್ದು ತಾವು ಕೊಟ್ಟ ಸುಳ್ಳು ಮದುವೆಯುಂಗುರ. ಅದರಿಂದ ಬೆರಳು ಹಸಿರಾಯಿತೇ ಹೊರತು ಚಕ್ರದ ಒಂದು ನಟ್ಟೂ ಸಡಿಲವಾಗಲಿಲ್ಲ.

ಉಂಗುರದ ಜೊತೆಗೆ ‘ಗಂಡನ’ ಭಾವಚಿತ್ರವನ್ನೂ ಕೊಟ್ಟಿರಿ. ಬೇರೆ ಯಾವ ಗಂಡಸೂ ಒಪ್ಪಲಿಲ್ಲವೆಂದು ತಮ್ಮದೇ ಚಿತ್ರ ಅಚ್ಚು ಹಾಕಿಸಿದಿರಿ. ತುರ್ತು ಸಂಪರ್ಕದ ಚೀಟಿಯಲ್ಲಿ ಸಂಖ್ಯೆಯೂ ತಮ್ಮದೇ. ಮುಂದೇನಾಗಬಹುದೆಂದು ಇಡೀ ವಿಭಾಗದಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೇ?

ಕಣಿವೆಯಲ್ಲಿ ನನ್ನನ್ನು ಇರಿಸಿಕೊಂಡವಳು ನೊರ್ಜ್ಮಾ, ಅರವತ್ತರ ಕುರಿಗಾಹಿ ಹೆಂಗಸು. ನಾನು ಅಲ್ಲಿ ತಲುಪಿದ ವಾರವೇ ಉಣ್ಣೆ ವ್ಯಾಪಾರಿಯೊಬ್ಬ ನನ್ನ ಕೈ ಹಿಡಿದೆಳೆದ. ನಾನು ತರಬೇತಿಯ ಏಳನೇ ಅಂಶ ನೆನಪಿಸಿಕೊಳ್ಳುವಷ್ಟರಲ್ಲಿ ನೊರ್ಜ್ಮಾ ಕುದಿಯುವ ಹಾಲಿನ ಸೌಟು ಹಿಡಿದು ಅವನನ್ನು ಲಾರಿಯವರೆಗೂ ಅಟ್ಟಿಸಿಕೊಂಡು ಹೋದಳು. ಉಂಗುರ ಇದೆಯೋ ಇಲ್ಲವೋ ಎಂದು ಅವಳು ಕೇಳಲಿಲ್ಲ.

ಆಮೇಲೆ ಬಂದವನು ಚೊಯ್ಜಿಲ್. ಕೆಟ್ಟವನಲ್ಲ, ಅಂಟುಗೋಂದು. ಪ್ರತಿ ಮೂರು ದಿನಕ್ಕೊಮ್ಮೆ ಬೈಕಿನಲ್ಲಿ ಒಣಗಿಸಿದ ಗಿಣ್ಣಿನ ಚೀಲ ಹೊತ್ತು ಬಂದು ಎದುರಿಗೆ ಕೂರುತ್ತಿದ್ದ. ನಾನು ನಿಯಮದಂತೆ ತಮ್ಮ ಚಿತ್ರ ತೋರಿಸಿದೆ.

“ಇವನಾ? ನಮ್ಮೂರ ಗಾಳಿ ಒಂದ್ಸಲ ಬೀಸಿದ್ರೆ ಸಾಕು, ಚೀನಾ ದಾಟಿ ಬೀಳ್ತಾನೆ,” ಎಂದ.

ನೊರ್ಜ್ಮಾಳಿಗೆ ಚಿಂತೆಯೇ ಬೇರೆ. “ಎರಡು ತಿಂಗಳಾಯ್ತಲ್ಲೇ, ಒಂದು ಫೋನಾದ್ರೂ ಮಾಡಿದ್ನಾ? ಎಂಥಾ ಗಂಡಸು ಕಣೇ ಇವನು? ನೀನು ಸುಮ್ನಿರು, ನಾನು ವಿಚಾರಿಸ್ಕೋತೀನಿ.”

ವಿಚಾರಿಸಿಕೊಂಡಳು. ತುರ್ತು ಚೀಟಿ ಹಿಡಿದು, ಚೀನೀ ಭಾಷೆ ಬಲ್ಲ ಶಾಲೆಯ ಮೇಷ್ಟರನ್ನೂ ಕರೆದುಕೊಂಡು, ಸಿಗ್ನಲ್ ಸಿಗುವ ಗುಡ್ಡ ಹತ್ತಿ ತಮಗೆ ವಿಡಿಯೊ ಕರೆ ಮಾಡಿದಳು. ನಾನು ಏದುಸಿರು ಬಿಡುತ್ತಾ ಹಿಂದೆ ಓಡಿದೆ. ಪರದೆಯ ಪಕ್ಕ ಚಿತ್ರ ಹಿಡಿದು ನೋಡಿ, “ಇವನೇ! ಕೂದ್ಲು ಮಾತ್ರ ಹೋಗಿದೆ!” ಎಂದು ಕೂಗಿದಳು. ಹನ್ನೊಂದು ನಿಮಿಷ ತಮ್ಮ ಜನ್ಮ ಜಾಲಾಡಿದಳು. ಮೇಷ್ಟರು ಮೊದಲೆರಡು ನಿಮಿಷ ಅನುವಾದಿಸಿ, ಆಮೇಲೆ ನಾಚಿ ನಿಲ್ಲಿಸಿದರು. ಅಷ್ಟರಲ್ಲಿ ತಮ್ಮ ಶ್ರೀಮತಿಯವರು ಊಟದ ಡಬ್ಬಿ ಹಿಡಿದು ಪರದೆಯೊಳಗೆ ಬಂದರು.

“ಅವಳ್ಯಾರೋ?” ಎಂದಳು ನೊರ್ಜ್ಮಾ. ಇಲ್ಲಿಂದ ಮೇಷ್ಟರು ಮತ್ತೆ ಅನುವಾದಕ್ಕಿಳಿದರು.

“ನನ್ನ ಹೆಂಡತಿ,” ಎಂದಿರಿ. ಆ ಹನ್ನೊಂದು ನಿಮಿಷದಲ್ಲಿ ತಾವು ಆಡಿದ ಒಂದೇ ನಿಜ.

ಸಂಜೆಯೊಳಗೆ ಇಡೀ ಕಣಿವೆ ನನಗಾಗಿ ಮರುಗಿತು. ಚೊಯ್ಜಿಲ್ ಹೊಸ ಟೋಪಿ ಹಾಕಿಕೊಂಡು ಬಂದ. ತರಬೇತಿಯ ಹದಿನಾಲ್ಕು ಅಂಶಗಳೂ ಮುಗಿದಿದ್ದರಿಂದ ಬಾಯಿಬಿಟ್ಟು ಹೇಳಿದೆ: “ಚೊಯ್ಜಿಲ್, ನನಗೆ ನೀನು ಇಷ್ಟ ಇಲ್ಲ.”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಎಷ್ಟು ಪೆಟ್ರೋಲು ದಂಡ!” ಎಂದು ಗಿಣ್ಣಿನ ಚೀಲ ವಾಪಸ್ ಎತ್ತಿಕೊಂಡು ಹೋದ. ಎಲ್ಲರೂ ಅವನಂತೆ ಹೋಗುವುದಿಲ್ಲ, ಬಲ್ಲೆ. ಹೋಗದವರಿಗೆ ಸೌಟು ಹಿಡಿದ ಹೆಂಗಸರು ಬೇಕು, ಭಾವಚಿತ್ರವಲ್ಲ.

ಮರುದಿನವೇ ತಮ್ಮ ಆದೇಶ ಬಂತು, ನಾನು ವಿಮಾನ ಹತ್ತಿದೆ. ನೊರ್ಜ್ಮಾಳಿಗೆ ನಿಜ ಹೇಳಲಿಲ್ಲ. ಎರಡು ತಿಂಗಳು ಒಂದೇ ಗುಡಾರದಲ್ಲಿ ಮಲಗಿ, ಅವಳ ಕೈಯಡುಗೆ ಉಂಡು, ದಿನವೂ ಸುಳ್ಳು ಹೇಳಿದವಳು ನಾನು. ಇದರಲ್ಲಿ ತಮ್ಮ ಪಾಲೆಷ್ಟೇ ಇರಲಿ, ನಾಚಿಕೆ ಮಾತ್ರ ಪೂರ್ತಿ ನನ್ನದು.

ಮೊನ್ನೆ ಮೇಷ್ಟರ ಫೋನಿನಿಂದ ಅವಳೇ ಮಾತಾಡಿದಳು. “ಅವನು ಬಿಟ್ರೆ ಬಿಡ್ಲಿ ಮಗಳೇ, ಹಾಳಾಗಿ ಹೋಗ್ಲಿ. ನಿನಗೆ ಅಂತ ಏಳು ಕುರಿ ಗುರುತು ಹಾಕಿಟ್ಟಿದ್ದೀನಿ. ಚಳಿಗೆ ನಿಲುವಂಗಿ ಹೊಲೀತಾ ಇದ್ದೀನಿ, ತೋಳಿನ ಅಳತೆ ಹೇಳು.”

ನಾನು ಅಳತೆ ಹೇಳಿದೆ, ಮಾನ್ಯರೇ. ನಿಜ ಹೇಳಲು ಬಾಯಿ ಬರಲಿಲ್ಲ. ಅದನ್ನು ಅವಳ ಎದುರು ಕೂತೇ ಹೇಳಬೇಕು. ಆಮೇಲೆ ಅವಳು ಸೌಟು ಎತ್ತಿಕೊಂಡರೂ ಸರಿಯೇ. ಮುಂದಿನ ವರ್ಷದಿಂದ ಹುಡುಗಿಯರಿಗೆ ಚಕ್ರ ಬದಲಿಸುವುದನ್ನು ಕಲಿಸಿ. ಈ ವರ್ಷ ನನ್ನ ಅನುಮತಿಪತ್ರಕ್ಕೆ ಒಂದು ಸಹಿ ಹಾಕಿ, ಆ ಹೆಂಗಸು ತೋಳು ಹೊಲಿದು ಮುಗಿಸುವ ಮೊದಲು.

ಇಂತಿ,
ತಮ್ಮ ಕಡತದಲ್ಲಿ ಅವಿವಾಹಿತೆ, ಕಣಿವೆಯಲ್ಲಿ ಗಂಡ ಬಿಟ್ಟವಳು,
ಕೊ ಯು-ರೂ